ಖಂಡಿತ ಬರುವ ಪಾಠ

ನಿಮ್ಮ ಶಾಲೆಯ ದಿನಗಳಲ್ಲೂ ಯಾರೋ ಒಬ್ಬ ಮೇಷ್ಟ್ರು ಪಠ್ಯಪುಸ್ತಕದ ಅಂಚಿನಲ್ಲಿ ಪೆನ್ಸಿಲಿನಿಂದ ನಕ್ಷತ್ರ ಬರೆದು, ಇದು ಪರೀಕ್ಷೆಗೆ ಖಂಡಿತ ಬರುತ್ತದೆಂದು ಧೈರ್ಯ ತುಂಬಿರಬೇಕು. ಮಳೆಯನ್ನೂ ಬಸ್ಸನ್ನೂ ನಂಬಲಾಗದ ದೇವದುರ್ಗದಲ್ಲಿ ವಿಜ್ಞಾನ ಕಲಿಸುವ ನಾನು ಇಷ್ಟು ವರ್ಷ ಆ ನಕ್ಷತ್ರಗಳನ್ನು ಧಾರಾಳವಾಗಿ ಹಂಚಿದ್ದೇನೆ. ಅದೊಂದು ಸಣ್ಣ ಅಹಂಕಾರವಾಗಿತ್ತೆಂದು ಈಗ ಅನಿಸುತ್ತಿದೆ.

ಹತ್ತನೆಯ ತರಗತಿಯ ಹುಲಿಗೆಮ್ಮ ಅಪ್ಪ-ಅವ್ವನ ಜೊತೆ ಪುಣೆಯ ಕಡೆ ಕಟ್ಟಡದ ಕೆಲಸಕ್ಕೆ ಹೊರಟಾಗ ಹೊಸ ಪುಸ್ತಕಗಳಿನ್ನೂ ಬಂದಿರಲಿಲ್ಲ. ಹಾಜರಿಯನ್ನು ಆಮೇಲೆ ಹೇಗೆ ಹೊಂದಿಸಿದೆವೆಂದು ಮಾತ್ರ ಕೇಳಬೇಡಿ. ಹಳೆಯದೊಂದು ವಿಜ್ಞಾನದ ಪುಸ್ತಕ ಹುಡುಕಿ, ಎರಡು ಪಾಠಗಳಿಗೆ ನಕ್ಷತ್ರ ಹಾಕಿ, ಬೇರೇನೂ ಓದದಿದ್ದರೂ ಇವನ್ನು ಬಿಡಬೇಡವೆಂದು ಹೇಳಿ ಕೊಟ್ಟೆ. ಒಂದು ಧಾತುಗಳ ಆವರ್ತ ಕೋಷ್ಟಕ, ಇನ್ನೊಂದು ಶಕ್ತಿಯ ಮೂಲಗಳು. ಶಕ್ತಿನಗರದ ವಿದ್ಯುತ್ ಸ್ಥಾವರದ ಚಿಮಣಿಗಳನ್ನು ನೋಡುತ್ತ ಬೆಳೆದ ನನಗೆ ಎರಡನೆಯದು ಮನೆಯ ಪಾಠವೇ ಆಗಿತ್ತು.

ಆಮೇಲೆ ಹೊಸ ಪುಸ್ತಕ ಬಂತು. ಮಕ್ಕಳ ಹೊರೆ ಇಳಿಸಬೇಕೆಂದು ದೇಶಕ್ಕೆಲ್ಲ ಪಠ್ಯವನ್ನು ಕಡಿಮೆ ಮಾಡಿದ್ದರು; ನನ್ನ ಎರಡೂ ಪಾಠಗಳು ಅದರಲ್ಲಿ ಇರಲಿಲ್ಲ. ದೆಹಲಿಯಲ್ಲಿ ಆದ ನಿರ್ಧಾರ ಬೆಂಗಳೂರು, ರಾಯಚೂರು ದಾಟಿ ನಮ್ಮ ಸ್ಟಾಫ್‌ರೂಮಿನವರೆಗೆ ಬಂದು ಮುಟ್ಟಿತಾದರೂ, ಅಲ್ಲಿಂದ ಪುಣೆಯ ಕಡೆ ಹುಲಿಗೆಮ್ಮ ಇದ್ದ ತಗಡಿನ ಶೆಡ್ಡಿಗೆ ಮಾತ್ರ ತಲುಪಲಿಲ್ಲ. ಎಷ್ಟು ಸಲ ಮಾಡಿದರೂ ಅವಳಪ್ಪನ ಫೋನು ಹತ್ತಲಿಲ್ಲ.

ಪರೀಕ್ಷೆಗೆ ಹನ್ನೆರಡು ದಿನವಿರುವಾಗ ಅವಳು ಬಂದಳು. ಪಾಸಾದರೆ ಮಾನ್ವಿಯ ಹಾಸ್ಟೆಲಿನಲ್ಲಿಟ್ಟು ಕಾಲೇಜಿಗೆ ಕಳಿಸುವುದಾಗಿಯೂ, ಇಲ್ಲದಿದ್ದರೆ ಕೆಲಸಕ್ಕೇ ಕರೆದೊಯ್ಯುವುದಾಗಿಯೂ ಜೊತೆಗಿದ್ದ ಅವಳವ್ವ ಹೇಳಿದಳು. ಹುಲಿಗೆಮ್ಮ ಕೋಷ್ಟಕವನ್ನು ಒಂದೂ ತಪ್ಪಿಲ್ಲದೆ ಒಪ್ಪಿಸಿದಳು. ಮುಗಿದ ಮೇಲೆ ನಿಜ ಹೇಳಿದೆ.

“ಹಂಗಾದ್ರ ಇದು ಸುಳ್ಳೇನ್ರಿ ಮೇಡಂ?” ಎಂದಳು.

ಸುಳ್ಳಲ್ಲ, ಪರೀಕ್ಷೆಗಿಲ್ಲ ಅಷ್ಟೆ ಎಂದೆ. ಹೇಳುತ್ತಲೇ ನಾಚಿಕೆಯಾಯಿತು. ಯಾವುದು ಬೇಕು, ಯಾವುದು ಬೇಡವೆಂದು ದೂರದಲ್ಲಿ ಕೂತು ಆರಿಸಿದವರನ್ನು ಸ್ಟಾಫ್‌ರೂಮಿನಲ್ಲಿ ಮನಸಾರೆ ಬೈದಿದ್ದೇನೆ. ಆದರೆ ಈ ಹುಡುಗಿಯ ಪಾಲಿನ ಪಠ್ಯವನ್ನು ಅವರಿಗಿಂತ ಮೊದಲೇ ಎರಡು ಪಾಠಕ್ಕೆ ಇಳಿಸಿದವಳು ನಾನೇ ಅಲ್ಲವೇ? ಅವಳು ನಪಾಸಾದರೆ ಯಾವ ಮುಖ ಹೊತ್ತು ಅವಳವ್ವನೆದುರು ನಿಲ್ಲಲಿ? ಆ ಭಯದಲ್ಲೇ ಹೊಸ ಪುಸ್ತಕ ತೆರೆದು, ಉಳಿದ ದಿನಗಳಿಗೆ ಎಷ್ಟು ಓದಿದರೆ ಸಾಕೆಂದು ತೋರಿಸಲು ಮತ್ತೆ ಹೊರಟೆ. ಅವಳು ಪುಸ್ತಕವನ್ನು ಮೆಲ್ಲಗೆ ತನ್ನ ಕಡೆ ಎಳೆದುಕೊಂಡಳು.

“ಯಾವುದು ಬರ್ತದಂತ ಹೇಳಬ್ಯಾಡ್ರಿ ಮೇಡಂ,” ಎಂದಳು. “ಎಲ್ಲಾ ಓದ್ತೀನಿ.”