ಟೀವಿ ಹಚ್ಚಿ ಕೇಳಿದ ನ್ಯಾಯ

ಬೆಟಗೇರಿಯ ನಮ್ಮ ಓಣಿಯಲ್ಲಿ ಎರಡು ಮನೆಗೆ ಒಂದೇ ನಡುಗೋಡೆ. ಆಚೆಮನೆಯ ಗಂಡಸು ಸೀನಿದರೆ ಈಚೆಮನೆಯಲ್ಲಿ ಶುಭಕಾರ್ಯದ ಮಾತು ನಿಲ್ಲಿಸುತ್ತಾರೆ. ನಾನು ಹಮ್ಮಿಗಿಯವಳು. ಹೊಳೆಯ ದಂಡೆಯಲ್ಲಿ ಈ ಹೊಲದಿಂದ ಆ ಹೊಲಕ್ಕೆ ಕೂಗಿ ಮಾತಾಡಿ ಬೆಳೆದವಳು. ಮದುವೆಯಾಗಿ ಬಂದ ಹೊಸದರಲ್ಲಿ ಅತ್ತೆ, "ಸಾವಕಾಶ ಮಾತಾಡವಾ, ಗ್ವಾಡಿಗೆ ಕಿವಿ ಅದಾವ" ಎಂದಾಗ ಬರೀ ಗಾದೆ ಹೇಳುತ್ತಿದ್ದಾರೆಂದುಕೊಂಡೆ. ಸಂಜೆ ನಳದ ಹತ್ತಿರ ಆಚೆಮನೆಯಾಕೆ ಸಿಕ್ಕು, ಬೆಳಿಗ್ಗೆ ನಾನು ಗಂಡನಿಗೆ ಹೇಳಿದ ಮಾತನ್ನು ನನಗೇ ತಿದ್ದಿ ಹೇಳಿದಳು.

ಮೊದಲು ಇಷ್ಟು ತೊಂದರೆ ಇರಲಿಲ್ಲವಂತೆ. ಮನೆಮನೆಯ ಹಿಂದೆ ಪವರ್‌ಲೂಮು ಓಡುತ್ತಿದ್ದ ಕಾಲದಲ್ಲಿ ಆ ಸದ್ದಿನೊಳಗೆ ಗಂಡಹೆಂಡಿರು ಮನಸಾರೆ ಜಗಳಾಡಬಹುದಿತ್ತು. ಮಗ್ಗಗಳು ಒಂದೊಂದಾಗಿ ಮಾರಿಹೋಗಿ, ಉಳಿದವು ಊರ ಹೊರಗಿನ ಶೆಡ್ಡು ಸೇರಿದ ಮೇಲೆ ಓಣಿ ಬಿಕೋ ಎನ್ನತೊಡಗಿತು. ಆಗ ನಮ್ಮವರು ಕಂಡುಕೊಂಡ ಉಪಾಯ ಟೀವಿ. ಮುಚ್ಚಿಡುವ ಮಾತಿದ್ದರೆ ಮೊದಲು ಟೀವಿ ಹಚ್ಚಬೇಕು, ಆಮೇಲೆ ಬಾಯಿ ತೆರೆಯಬೇಕು. ನಡುಹಗಲಲ್ಲಿ ಯಾರ ಮನೆಯಲ್ಲಿ ಟೀವಿ ಜೋರಾಯಿತೋ ಅಲ್ಲಿ ಏನೋ ನಡೆದಿದೆ ಎಂದು ಓಣಿಗೆಲ್ಲ ಗೊತ್ತಾಗುತ್ತಿತ್ತು, ಏನೆಂದು ಮಾತ್ರ ಗೊತ್ತಾಗುತ್ತಿರಲಿಲ್ಲ. ಮಾನ ಉಳಿಯಲು ಅಷ್ಟು ಸಾಕು.

ಎಲ್ಲರಿಗಿಂತ ಹೆಚ್ಚು ಟೀವಿ ಹತ್ತುತ್ತಿದ್ದದ್ದು ನಮ್ಮ ಮನೆಯಲ್ಲಿ. ನಮ್ಮ ಮಾವ ಓಣಿಯ ಹಿರಿಯರು. ಅಣ್ಣತಮ್ಮಂದಿರ ಪಾಲು, ಅತ್ತೆಸೊಸೆಯರ ಮುನಿಸು, ಮುರಿದ ಸಂಬಂಧ ಎಲ್ಲವೂ ಅವರ ಮುಂದೆ ಬರುತ್ತಿದ್ದವು. ಕೋರ್ಟಿಗೆ ಹೋದರೆ ಮೊಮ್ಮಕ್ಕಳ ಕಾಲಕ್ಕೆ ತೀರ್ಪು, ನಮ್ಮ ಪಡಸಾಲೆಯಲ್ಲಿ ಚಹಾ ಆರುವುದರೊಳಗೆ. ಮಾವನದು ಮಾತು ಕಡಿಮೆ. ಎರಡೂ ಕಡೆಯವರು ಹೇಳುವಾಗ ಕಣ್ಣು ಮುಚ್ಚಿ ಕೂತಿರುತ್ತಿದ್ದರು. ಕೊನೆಗೊಮ್ಮೆ "ಹೂಂ, ಆತು" ಎನ್ನುತ್ತಿದ್ದರು. ಯಾವ ಮಾತಿನ ಮೇಲೆ ಆ ಹೂಂ ಬಿತ್ತೋ ಅದೇ ನ್ಯಾಯ. ಜನ ಕೈಮುಗಿದು ಎದ್ದುಹೋಗುತ್ತಿದ್ದರು.

ಈ ಏರ್ಪಾಟು ಕೆಟ್ಟದ್ದು ಸೆಟ್‌ಟಾಪ್ ಬಾಕ್ಸ್ ಬಂದ ಮೇಲೆ. ಅದರಲ್ಲಿ ಒಂದೊಂದು ಚಾನೆಲ್‌ಗೆ ಒಂದೊಂದು ಗಂಟಲು. ವಾರ್ತೆಯ ಚಾನೆಲ್‌ನಲ್ಲಿ ಆರು ಜನ ಆರು ಚೌಕದೊಳಗೆ ಕೂತು ಒಬ್ಬರ ಮೇಲೊಬ್ಬರು ಬೀಳುತ್ತಿದ್ದರು. ಧ್ವನಿ ಎಂಟಕ್ಕೆ ಇಳಿಸಿದರೂ ಪಡಸಾಲೆಯ ಮೇಲಿನ ತಗಡು ನಡುಗುತ್ತಿತ್ತು. ಅಲ್ಲಿಂದ ಭಕ್ತಿಯ ಚಾನೆಲ್‌ಗೆ ಹೋದರೆ ಸ್ವಾಮಿಗಳ ತುಟಿ ಅಲ್ಲಾಡುವುದಷ್ಟೇ ಕಾಣಿಸುತ್ತಿತ್ತು. ಮೋಕ್ಷದ ದಾರಿ ಕೇಳಬೇಕಾದರೆ ನಲವತ್ತಕ್ಕೆ ಏರಿಸಬೇಕು. ಧಾರಾವಾಹಿಯ ಸೊಸೆ ಪಿಸುಗುಟ್ಟಿ ಅಳುತ್ತಾಳೆಂದು ಧ್ವನಿ ಹೆಚ್ಚಿಸಿ ಊಟಕ್ಕೆ ಕೂತರೆ, ನಡುವೆ ಪಾಯಖಾನೆ ತೊಳೆಯುವ ಔಷಧದ ಜಾಹೀರಾತು ಬಂದು ತುತ್ತು ಗಂಟಲಲ್ಲೇ ನಿಲ್ಲುವಂತೆ ಕಿರುಚುತ್ತಿತ್ತು. ಹೇಳಲು ಏನೂ ಇಲ್ಲದವರಿಗೇ ನೋಡಿ ನೋಡಿ ದೊಡ್ಡ ಧ್ವನಿ ಕೊಟ್ಟಿದ್ದಾರೆ ಎಂದು ನಾನು ಒಲೆಯ ಮುಂದೆ ಗೊಣಗುತ್ತಿದ್ದೆ.

ಕೇಬಲಿನವನನ್ನು ಕರೆಸಿದೆವು. ಅವನು ರಿಮೋಟು ಒತ್ತಿ ಒತ್ತಿ ನೋಡಿ, ಮಾಳಿಗೆಯತ್ತ ಕೈ ತೋರಿಸಿ, "ಅದು ಮ್ಯಾಲಿಂದನ ಹಂಗ ಬರತೈತ್ರಿ, ನಮ್ಮ ಕೈಯಾಗ ಏನೂ ಇಲ್ಲ" ಎಂದ. ರೇಶನ್ ಅಂಗಡಿಯವನೂ ಇದೇ ಹೇಳುತ್ತಾನೆ, ನಳಕ್ಕೆ ನೀರು ಬಿಡುವವನೂ ಇದೇ ಹೇಳುತ್ತಾನೆ. ಮೇಲೆ ಯಾರಿದ್ದಾರೋ ಆ ಪುಣ್ಯಾತ್ಮರು ಒಮ್ಮೆ ಕೆಳಗಿಳಿದು ನಮ್ಮ ಓಣಿಗೆ ಬರಬೇಕು.

ಲಕ್ಷ್ಮೇಶ್ವರದಿಂದ ಬಂದ ಅತ್ತೆಯ ತಮ್ಮ ಒಮ್ಮೆ ಮಗಳ ಸಂಬಂಧದ ಮಾತು ತೆಗೆದು, ಹೇಳುವ ಉತ್ಸಾಹದಲ್ಲಿ ರಿಮೋಟಿನ ಮೇಲೆಯೇ ಕೂತುಬಿಟ್ಟ. ಆರು ಜನರ ಕಿರುಚಾಟ ಹೋಗಿ ಫಕ್ಕನೆ ಸ್ವಾಮಿಗಳ ಪಿಸುಮಾತು ಬಂತು. "ಹುಡುಗಿಗೆ ಮೂವತ್ತಾರು ನಡದಾವ, ನಾವು ಇಪ್ಪತ್ತೆಂಟು ಅಂತ ಹೇಳೇವಿ" ಎಂಬ ಅವನ ಮಾತು ಓಣಿಯ ತುದಿ ಮುಟ್ಟಿತು. ಶಿರಹಟ್ಟಿಯ ಗಂಡಿನವರಿಗೆ ಮರುದಿನವೇ ಖಬರ ಹೋಯಿತು. ಅಂದಿನಿಂದ ನ್ಯಾಯಕ್ಕೆ ಕೂತರೆ ವಾರ್ತೆಯ ಚಾನೆಲ್ಲೇ ಆಗಬೇಕು, ರಿಮೋಟು ಮಾವನ ಕೈಯಲ್ಲೇ ಇರಬೇಕು ಎಂದಾಯಿತು.

ಮಾವ ಮಾತ್ರ ಎಲ್ಲ ಚಾನೆಲ್‌ಗೂ ಒಂದೇ ದೂರು ಹೇಳುತ್ತಿದ್ದರು: "ಡಬ್ಬಿ ಕೆಟ್ಟೈತಿ, ಧ್ವನಿ ಬರವಲ್ದು." ತಗಡು ನಡುಗುತ್ತಿರುವಾಗಲೂ ಹಾಗೇ ಹೇಳುತ್ತಿದ್ದರು. ಆಯುಷ್ಯವೆಲ್ಲ ಮಗ್ಗದ ಮುಂದೆ ನಿಂತ ಕಿವಿ ಅದು. ಕೆಟ್ಟದ್ದು ಡಬ್ಬಿಯೊಂದೇ ಅಲ್ಲವೆಂದು ನನಗೂ ಗೊತ್ತಿತ್ತು, ನನ್ನ ಗಂಡನಿಗೂ ಗೊತ್ತಿತ್ತು, ಅತ್ತೆಗಂತೂ ಎಲ್ಲರಿಗಿಂತ ಮೊದಲೇ ಗೊತ್ತಿತ್ತು. ಆದರೆ ಎರಡೂ ಕಡೆಯ ಮಾತು ಕೇಳುವುದರಿಂದಲೇ ಹಿರಿಯನೆನಿಸಿಕೊಂಡ ಮನುಷ್ಯನಿಗೆ ನಿಮಗೆ ಕಿವಿ ಕೇಳುವುದಿಲ್ಲ ಎಂದು ಹೇಳುವವರು ಯಾರು? ನಾವು ಅವರ ಪಕ್ಕದಲ್ಲಿ ಸುಳಿದಾಡಿ, ಬಂದವರ ಮಾತನ್ನು ಬೇರೆ ನೆಪದಲ್ಲಿ ಇನ್ನೊಮ್ಮೆ ಗಟ್ಟಿಯಾಗಿ ಹೇಳಿ ದಿನ ದೂಡುತ್ತಿದ್ದೆವು.

ಓಣಿಯ ತುದಿಯ ಮನೆಯಲ್ಲಿ ಗಂಡನನ್ನು ಕಳೆದುಕೊಂಡ ಒಬ್ಬಳಿದ್ದಳು. ಮುಂದಿನ ಖೋಲಿಯಲ್ಲಿ ಮಶೀನು ಇಟ್ಟುಕೊಂಡು ಕುಪ್ಪಸ ಹೊಲಿಯುತ್ತಿದ್ದಳು. ನಮ್ಮೆಲ್ಲರ ಕುಪ್ಪಸವೂ ಅವಳ ಕೈಯದೇ. ಅವಳ ಮೈದುನನಿಗೆ ಆ ಖೋಲಿಯಲ್ಲಿ ಮೊಬೈಲ್ ಅಂಗಡಿ ಹಾಕುವ ಆಸೆ ಹುಟ್ಟಿತು. ಆಕೆ ತವರೂರು ಸೊರಟೂರಿಗೆ ಹೋಗಿ ಅಣ್ಣನ ಮನೆಯಲ್ಲಿರಲಿ ಎಂದು ಮಾವನ ಮುಂದೆ ನ್ಯಾಯ ಇಟ್ಟ.

ಆ ದಿನ ನಾನು ಬಸುರಿಯೊಬ್ಬಳ ಕುಬಸದ ಊಟಕ್ಕೆಂದು ಮುಂಡರಗಿಗೆ ಹೋಗಿದ್ದೆ. ನಡೆದದ್ದನ್ನು ಅತ್ತೆ ಹೇಳಿದರು. ಮೈದುನ ಮಾವನ ಮಗ್ಗುಲಿಗೇ ಕೂತು, ಅಂಗಡಿಯವರ ಗಂಟಲಲ್ಲಿ ಎಲ್ಲ ಹೇಳಿದನಂತೆ. ಆಕೆ ಅಡುಗೆಮನೆಯ ಬಾಗಿಲಲ್ಲಿ ಸೆರಗು ಹೊದ್ದು, ಹಿರಿಯರ ಮುಂದೆ ಹೆಣ್ಣುಮಕ್ಕಳು ಹೇಗೆ ಮಾತಾಡಬೇಕೆಂದು ನಾವು ಕಲಿಸಿದ್ದೇವೋ ಹಾಗೆ, ನೆಲಕ್ಕೆ ಮಾತಾಡಿದಳಂತೆ. ಟೀವಿಯಲ್ಲಿ ಆರು ಜನ ದೇಶ ಉಳಿಸುತ್ತಿದ್ದರು. "ಹಂಗಾರ ಅತ್ತಿಗಿ ಶ್ರಾವಣದಾಗ ಖೋಲಿ ಬಿಡಲಿ" ಎಂದು ಮೈದುನ ಮುಗಿಸಿದ. ಮಾವ "ಹೂಂ, ಆತು" ಎಂದರು.

ಎರಡು ದಿನ ಬಿಟ್ಟು ಆಕೆ ನಮ್ಮ ಅಡುಗೆಮನೆಗೆ ಬಂದು ಕೂತಳು. "ಅಷ್ಟೆಲ್ಲಾ ಬಿಡಿಸಿ ಹೇಳೀನಿ ಅಕ್ಕಾರ. ಕಾಕಾ ಹಿಂಗ್ಯಾಕ ಮಾಡಿದ್ರು?" ಎಂದಳು. ರೊಟ್ಟಿ ಬಡಿಯುತ್ತಿದ್ದ ಅತ್ತೆಯ ಕೈ ನಿಂತಿತು. ಹಂಚಿನ ಮೇಲಿನ ರೊಟ್ಟಿ ಸೀದುಹೋಯಿತು.

ಆಷಾಢ ಮುಗಿಯುವ ಮೊದಲು ಒಂದು ಭಾನುವಾರ ಬೆಳಿಗ್ಗೆ, ಖೋಲಿ ಬಿಡುವ ದಿನ ಗೊತ್ತುಮಾಡಲು ಮೈದುನ ಮತ್ತೆ ಬಂದ. ಆಕೆಯೂ ಬಂದು ಅದೇ ಬಾಗಿಲಲ್ಲಿ ಕೂತಳು. ಮಾವ ರಿಮೋಟು ಒತ್ತಿದರು, ಆರು ಜನ ಶುರುವಾದರು. ಮೈದುನ ದಿನ, ವಾರ, ಅಂಗಡಿಯ ಪೂಜೆಯ ಮುಹೂರ್ತ ಎಲ್ಲ ಹೇಳಿದ. ಆಕೆ ಬಾಯಿ ತೆರೆದಳು. ಪಕ್ಕದಲ್ಲೇ ಕೂತಿದ್ದ ನನಗೇ ಅರ್ಧ ಕೇಳಿಸಲಿಲ್ಲ. ಮಾವನ ತಲೆ ಅಲ್ಲಾಡತೊಡಗಿತು. ಇನ್ನೇನು ಹೂಂ ಬೀಳಬೇಕು, ಅತ್ತೆ ಒಳಗಿನಿಂದ ಬಂದರು. ಹಿಟ್ಟಿನ ಕೈಯಿಂದಲೇ ಗೋಡೆಯ ಸ್ವಿಚ್ಚು ಆರಿಸಿದರು.

ಓಣಿಯಲ್ಲಿ ಕೋಳಿ ಕೆದರುವ ಸದ್ದು ಕೇಳಿಸಿತು. ಮೈದುನ ಗಾಬರಿಯಾಗಿ, "ಕಾಕೂ, ಟೀವಿ ಹಚ್ರಿ. ಮಂದಿಗೆ ಕೇಳತೈತಿ" ಎಂದು ಪಿಸುಗುಟ್ಟಿದ. ಅವನಿಗೂ ಪಿಸುಗುಟ್ಟಲು ಬರುತ್ತದೆಂದು ಅಂದೇ ಗೊತ್ತಾದದ್ದು.

"ಕೇಳಲಿ ಬಿಡೋ" ಎಂದರು ಅತ್ತೆ, ಓಣಿಗೆಲ್ಲ ಮುಟ್ಟುವ ಹಾಗೆ. "ಕೇಳಬೇಕಾದ ಮನಷ್ಯಾಗ ಕೇಳಸವಲ್ದು, ಮಂದಿಗ್ಯಾಕ ಹೆದರ್ತಿ?"

ಇಷ್ಟು ವರ್ಷ ಮನೆಮಂದಿಯೆಲ್ಲ ಸೇರಿ ಮುಚ್ಚಿಟ್ಟ ಮಾತನ್ನು, ನಾಲ್ಕು ಜನರ ಮುಂದೆ ಗಂಡನ ಮುಖಕ್ಕೆ ಮಾತಾಡದ ಅತ್ತೆ ಓಣಿಗೇ ಹಂಚಿಬಿಟ್ಟಿದ್ದರು. ಮಾವ ಅತ್ತೆಯನ್ನೇ ನೋಡಿದರು. ಸಿಟ್ಟೋ, ನಾಚಿಕೆಯೋ, ಅಥವಾ ಒಮ್ಮೆ ಮುಗಿಯಿತಲ್ಲ ಎಂಬ ಸಮಾಧಾನವೋ, ನನಗೆ ತಿಳಿಯಲಿಲ್ಲ. ಕಡೆಗೆ ರಿಮೋಟು ಕೆಳಗಿಟ್ಟು, ಬಾಗಿಲ ಕಡೆ ತಿರುಗಿದರು.

"ಯವ್ವಾ, ಇತ್ತ ಬಂದು ಕುಂಡ್ರು. ಈ ಬಲಗಿವಿಗೆ ಗಟ್ಟಿ ಹೇಳು. ಹ್ವಾದ ಸಲ ನೀ ಹೇಳಿದ್ದು ನನಗ ಒಂದಕ್ಷರಾನೂ ಕೇಳಿಲ್ಲ."

ಆಕೆ ಎದ್ದು ಬಂದಳು. ಮೊದಲು ಧ್ವನಿ ಏಳಲಿಲ್ಲ. ಆಮೇಲೆ ಎದ್ದದ್ದು ಇಳಿಯಲಿಲ್ಲ. "ಖೋಲಿ ಬಿಟ್ರ ನನ್ನ ಹೊಲಿಗಿ ನಿಂತಹೋಗತೈತ್ರಿ ಕಾಕಾ! ಸೊರಟೂರಾಗ ನನ್ನ ಗುರ್ತಾ ಯಾರಿಗೈತಿ? ಅಣ್ಣನ ಮನ್ಯಾಗ ಮುಸರಿ ತಿಕ್ಕೊಂತ ಕುಂಡ್ರಲೇನು? ಇದು ನನ್ನ ಗಂಡನ ಮನಿ. ನಾ ಹೋಗಂಗಿಲ್ರಿ!"

"ಹೋಗಬ್ಯಾಡ" ಎಂದರು ಮಾವ. "ಹ್ವಾದ ಸಲದ್ದು ನ್ಯಾಯಾನ ಅಲ್ಲ. ಕೇಳಲಾರದ ಹೂಂ ಅಂದೀನಿ. ಖೋಲಿ ನಿಂದ."

ಮೈದುನ ಚಹಾ ಕುಡಿಯದೆ ಎದ್ದುಹೋದ. ಆಕೆ ಅಲ್ಲೇ ಕೂತು ಅತ್ತಳು, ಜೋರಾಗಿ, ಧಾರಾವಾಹಿಯವರಿಗೆ ಬರದ ಅಳು. ನನಗೂ ಕಣ್ಣು ತುಂಬಿ ಬಂದವು. ಆಯಿತು, ಎಲ್ಲ ಸರಿಹೋಯಿತು ಎಂದು ನಾನು ಚಹಾದ ಬಟ್ಟಲು ಎತ್ತುತ್ತಿದ್ದೆ. ಆಗ ನಡುಗೋಡೆಯ ಆಚೆಯಿಂದ ಒಂದು ಧ್ವನಿ ಬಂತು. ಆಚೆಮನೆಯವನು. ಅವನಿಗೂ ಅವನ ಅಣ್ಣನಿಗೂ ಮನೆ ಪಾಲಾದದ್ದು ಮಾವನ ಮುಂದೆಯೇ. ತಮ್ಮನಾದ ಇವನ ಪಾಲಿಗೆ ಹಿತ್ತಲ ಭಾಗ ಬಂದಿತ್ತು. ಬೀದಿಗೆ ಬಾಗಿಲಿಲ್ಲದೆ ಇಂದಿಗೂ ಅವನ ಹೆಂಡತಿ ಮಕ್ಕಳು ಅಣ್ಣನ ಪಡಸಾಲೆ ದಾಟಿ, ಅತ್ತಿಗೆಯ ಮುಖ ನೋಡಿಕೊಂಡು ಮನೆ ಸೇರುತ್ತಾರೆ.

"ಯಜಮಾನ್ರ, ನಮ್ಮ ನ್ಯಾಯಾರ ಕೇಳಸಿತ್ತೇನ್ರಿ?"

ಮಾವ ನನ್ನ ಕಡೆ ತಿರುಗಿ, "ಏನಂದ್ನವಾ ಅಂವ?" ಎಂದರು. ಅತ್ತೆ ನನ್ನನ್ನು ನೋಡಿದರು. ಬೇರೆ ನೆಪ ಹುಡುಕಲು ಈಗ ದಾರಿಯಿರಲಿಲ್ಲ. ಹೊಲದಿಂದ ಹೊಲಕ್ಕೆ ಕೂಗುವ ಹಮ್ಮಿಗಿಯ ಗಂಟಲಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿದೆ.

ಮಾವ ಗೋಡೆಯ ಕಡೆ ಮುಖ ಮಾಡಿ, ಮಗ್ಗದ ಶೆಡ್ಡಿನಲ್ಲಿ ಕರೆಯುವಂಥ ದನಿಯಲ್ಲಿ ಹೇಳಿದರು.

"ಇಲ್ಲೋ ತಮ್ಮಾ. ಅದೂ ಕೇಳಸಿರಲಿಲ್ಲ."