ಕುಂಕುಮ ಹಚ್ಚಿದ ಪಿನ್ನು

ಅಪ್ಪನ ಕೆಂಪು ಕಾರಿಗೆ ಇದ್ದದ್ದು ಎರಡೇ ಸೀಟು. ಮೇಲೆ ಮಡಚಿಡುವ ಬಟ್ಟೆಯ ಹೊದಿಕೆ; ಒಳಗೆ ಕೂತರೆ ರಸ್ತೆಯ ಮೇಲೆಯೇ ಕೂತಂತೆ ಅನಿಸುವಷ್ಟು ತಗ್ಗು. ಅಪ್ಪನ ಹೋಟೆಲಿಗೆ ದಿನವೂ ಚಹಾಕ್ಕೆ ಬರುತ್ತಿದ್ದ ಪಾರ್ಸಿ ಮುದುಕರೊಬ್ಬರು ಊರು ಬಿಡುವಾಗ ಅದನ್ನು ಅಪ್ಪನಿಗೆ ಕೊಟ್ಟು ಹೋಗಿದ್ದರು. ಭಾನುವಾರ ಬೆಳಿಗ್ಗೆ ರಸ್ತೆ ಖಾಲಿಯಿರುವಾಗ ಘಾಟ್ಕೋಪರಿನಿಂದ ವಿಕ್ರೋಳಿಗೆ ಹೋಗಿ ಬರುವುದು ಬಿಟ್ಟರೆ ಆ ಕಾರಿಗೆ ಬೇರೆ ಕೆಲಸವಿರಲಿಲ್ಲ.

ಸ್ಟಿಯರಿಂಗ್ ಆಗಲೇ ಸಡಿಲವಾಗಿತ್ತು. ಚಕ್ರಗಳು ಮಾತು ಕೇಳುವ ಮೊದಲು ಅದು ಕೈಯಲ್ಲಿ ಅಷ್ಟುದ್ದ ಸುಮ್ಮನೆ ತಿರುಗುತ್ತಿತ್ತು. ಅಪ್ಪ ಎಂಜಿನ್ ಆರಿಸಿ, ನನ್ನನ್ನು ಓಡಿಸುವವರ ಸೀಟಿನಲ್ಲಿ ಕೂರಿಸಿ, ತಾನು ಕೆಳಗೆ ನುಸುಳುತ್ತಿದ್ದರು. ನಾನು ಸ್ಟಿಯರಿಂಗನ್ನು ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ ಅಲ್ಲಾಡಿಸಬೇಕು. ಅವರು ಒಂದೊಂದೇ ಕೀಲಿನ ಮೇಲೆ ಬೆರಳಿಟ್ಟು ಎಲ್ಲಿ ಸವೆದಿದೆ ಎಂದು ನೋಡಬೇಕು. ಕಾನ್ವೆಂಟಿನಲ್ಲಿ ಸಿಸ್ಟರುಗಳು ಕೈಗಳನ್ನು ಮಡಿಲಲ್ಲಿ ಜೋಡಿಸಿ ಕೂರಲು ಕಲಿಸಿದ್ದರು. ಫ್ರಾಕಿನ ನೆರಿಗೆ ಮುದುಡದ ಹಾಗೆ ಕೂತು, ನಾನು ಸ್ಟಿಯರಿಂಗಿನ ಆ ಮರದ ಚಕ್ರವನ್ನು ಅಲ್ಲಾಡಿಸುತ್ತಿದ್ದೆ. ಕೆಳಗಿನಿಂದ ಅಪ್ಪನ ದನಿ ಬರುತ್ತಿತ್ತು: “ಇದೊಂದು ಬಿಗಿ ಆಗ್ಲಿ ಮಗಾ, ಮತ್ತೆ ನೀನೇ ಓಡಿಸು.”

ಸವೆದ ಕೀಲಿನ ಬದಲಿಗೆ ಹೊಸದು ಅಪ್ಪ ಇರುವತನಕ ಸಿಗಲಿಲ್ಲ. ಕಾರು ಮಗಳಿಗೆ ಎಂದು ಎಲ್ಲರೆದುರು ಹೇಳಿಯೇ ಅಪ್ಪ ಹೋದರು. ಅದು ನಮ್ಮ ಬಿಲ್ಡಿಂಗಿನ ಕೆಳಗೆ ಬಂದು ನಿಂತ ಮೇಲೆ ನನ್ನ ಗಂಡನ ಬಾಯಲ್ಲಿ ‘ನನ್ನ ಕಾರು’ ಆಯಿತು. ನಾನು ತಿದ್ದಲಿಲ್ಲ. ಮನೆಯ ಇನ್ನೊಂದು ಕಾರಿನಲ್ಲಿ ತರಕಾರಿಗೆ, ಮಗಳ ಟ್ಯೂಷನ್ನಿಗೆ, ಅತ್ತೆಯ ಡಾಕ್ಟರ ಬಳಿಗೆ ಹೋಗಿಬರುವವಳು ನಾನೇ. ಆದರೆ ಕೆಂಪು ಕಾರಿನ ಕೀಲಿ ಕೇಳಿದಾಗಲೆಲ್ಲ, “ಮೊದಲು ಸ್ಟಿಯರಿಂಗ್ ಸರಿ ಆಗ್ಲಿ ಮಾರಾಯ್ತಿ, ಮತ್ತೆ ನೀನೇ ಓಡಿಸು” ಎನ್ನುತ್ತಿದ್ದರು. ಹೆಚ್ಚುಕಡಿಮೆ ಅಪ್ಪನ ಮಾತೇ. ಅದಕ್ಕೇ ನಂಬಿದೆ.

ಕಳೆದ ನವರಾತ್ರಿಗೆ ಮುಂಚೆ, ಎಲ್ಲೆಲ್ಲೋ ಹುಡುಕಿಸಿ, ಗಂಡ ಹೊಸ ಕೀಲು ತರಿಸಿದರು. ನವಮಿಯ ಬೆಳಿಗ್ಗೆ ಬನಿಯನ್ನಿನಲ್ಲಿ ಕಾರಿನ ಕೆಳಗೆ ಮಲಗಿ ತಾವೇ ಹಾಕಿದರು. ನಾನು ಮೇಲೆ ಕೂತು ಅಲ್ಲಾಡಿಸಿದೆ. ಸ್ಟಿಯರಿಂಗ್ ತಿರುಗಿದ ಕೂಡಲೇ ಚಕ್ರ ತಿರುಗಿತು. ಆ ಸಂಜೆಯೇ ಸ್ಟೇಷನ್ ರಸ್ತೆಗೆ ಹೋಗಿ ಒಂದು ಜೊತೆ ಬಿಳಿ ಕ್ಯಾನ್ವಾಸ್ ಬೂಟು ತಂದೆ. ಆ ಕಾರಿನ ಪೆಡಲುಗಳು ಒಂದಕ್ಕೊಂದು ತೀರ ಹತ್ತಿರ, ಚಪ್ಪಲಿ ಸಿಕ್ಕಿಕೊಳ್ಳುತ್ತದೆ.

ಬೆಳಿಗ್ಗೆ ಕಾರಿನ ಕೆಲಸ ಪೂರ್ತಿ ಮುಗಿಯುವ ಮೊದಲೇ ಅತ್ತೆ ಮೇಲಿನಿಂದ ಫೋನ್ ಮಾಡಿ ಆಯುಧಪೂಜೆಗೆ ಹೊತ್ತಾಯಿತು ಎಂದಿದ್ದರು. ಗಂಡ ಸ್ಪ್ಯಾನರು, ಇಕ್ಕಳ, ಅಲ್ಲಿ ಬಿದ್ದದ್ದೆಲ್ಲವನ್ನೂ ಒಂದು ತಟ್ಟೆಗೆ ಗುಡಿಸಿ ತಂದುಕೊಟ್ಟರು. ತೊಳೆದು, ಮಣೆಯ ಮೇಲಿಟ್ಟು, ಕುಂಕುಮ ಹಚ್ಚಿ, ಚೆಂಡುಹೂವು ಹಾಕಿದ್ದಾಯಿತು. ಹತ್ಯಾರುಗಳನ್ನು ದಸರೆಯ ಸಂಜೆಯ ಆರತಿಯವರೆಗೆ ಕದಲಿಸಬಾರದು ಎಂಬುದು ಆ ಮನೆಯ ಕ್ರಮ. ವಾಹನಕ್ಕೆ ಮಾತ್ರ ದಸರೆಯ ಬೆಳಿಗ್ಗೆಯೇ ಪೂಜೆ ಮಾಡಿ ಒಂದು ಸುತ್ತು ಹೋಗಿಬರಬಹುದು.

ದಸರೆಯ ದಿನ ಗೋರೆಗಾಂವಿನಿಂದ ಮೈದುನ ಬಂದಿದ್ದ. ನಾನು ಆರತಿ ತಟ್ಟೆಗೆಂದು ದೇವರ ಕೋಣೆಗೆ ಹೋದೆ. ಮಣೆಯ ಮೇಲೆ, ಹೂವಿನಡಿಯಲ್ಲಿ, ಹೇರ್‌ಪಿನ್ನಿನಂಥದ್ದೊಂದು ಕಂಡಿತು. ಅದಕ್ಕೂ ಅತ್ತೆ ಒಂದು ಚುಕ್ಕೆ ಕುಂಕುಮ ಇಟ್ಟಿದ್ದರು. ಅಪ್ಪನ ಕೈಯಲ್ಲಿ ಅಂಥದ್ದನ್ನು ಎಷ್ಟೋ ಸಲ ನೋಡಿದ್ದೆ. ಕಾರು ಓಡುವಾಗ ಕೀಲಿನ ನಟ್ಟು ಕಳಚಿ ಬೀಳದಂತೆ ಅದರ ಅಡ್ಡಕ್ಕೆ ಹಾಕಿ ತುದಿ ಮಡಚುವ ಪಿನ್ನು. ಅದು ಕಾರಿನಲ್ಲಿರಬೇಕಿತ್ತು, ಇಲ್ಲಿ ಪೂಜೆ ಮಾಡಿಸಿಕೊಳ್ಳುತ್ತಿತ್ತು.

ಪಿನ್ನನ್ನೂ ಇಕ್ಕಳವನ್ನೂ ತೆಗೆದುಕೊಂಡೆ. “ಸಂಜೆಯವರೆಗೆ ಮುಟ್ಲಿಕ್ಕಿಲ್ಲ ಅಂತ ಗೊತ್ತುಂಟಲ್ಲ ನಿಂಗೆ? ಕಾನ್ವೆಂಟಿನವರಿಗೆ ಇದೆಲ್ಲ ಎಲ್ಲಿ,” ಎಂದರು ಅತ್ತೆ.

ಹೊರಬಾಗಿಲಲ್ಲಿ, ರೇಷ್ಮೆ ಸೀರೆಯ ಕೆಳಗೆ ಬಿಳಿ ಬೂಟು ಹಾಕಿಕೊಂಡು, ಆರತಿ ತಟ್ಟೆ ಹಿಡಿದು ಇಳಿದೆ. ಕೆಳಗೆ ಚಕ್ರಗಳಡಿ ನಿಂಬೆಹಣ್ಣು ಇಟ್ಟಾಗಿತ್ತು, ಗಂಡ ಸ್ಟಿಯರಿಂಗಿನ ಹಿಂದೆ ಕೂತಾಗಿತ್ತು. ಪಿನ್ನು ತೋರಿಸಿದೆ. ನಟ್ಟು ಬಿಗಿಯಾಗಿಯೇ ಉಂಟು, ಒಂದು ಸುತ್ತು ಹೋಗಿಬಂದರೆ ಏನೂ ಆಗುವುದಿಲ್ಲ, ಹಬ್ಬದ ದಿನ ಅಪಶಕುನ ಮಾತಾಡಬೇಡ ಎಂದರು. ಅತ್ತಿಗೆ ಗ್ಯಾರೇಜು ಇಡುತ್ತಾರೋ ಏನೋ ಎಂದು ಮೈದುನ ನಕ್ಕ. ನಾನು ಕಾರಿನ ಎದುರಿನಿಂದ ಕದಲಲಿಲ್ಲ. ಕೊನೆಗೆ ಗಂಡ ನಗುತ್ತಲೇ ಸ್ಟಿಯರಿಂಗನ್ನು ಒಂದು ಬದಿಗೆ ಪೂರ್ತಿ ತಿರುಗಿಸಿದರು, ನಿಂಬೆಹಣ್ಣು ಜಜ್ಜಿಹೋಯಿತು. ಮೊಣಕಾಲೂರಿ ಚಕ್ರದ ಹಿಂದೆ ಕೈ ಹಾಕಿದೆ. ನಟ್ಟು ಕೈಗೆ ಸಿಕ್ಕಿತು. ಅದು ನನ್ನ ಬೆರಳಿಗೇ ತಿರುಗಿತು.

“ಇಳಿದು ಬಂದು ನೋಡಿ,” ಎಂದೆ. “ಬೆರಳಿಗೇ ತಿರುಗ್ತದೆ.”

ಅವರು ಬಂದರು, ಮುಟ್ಟಿದರು. ಮುಖದ ನಗು ಇಳಿಯಿತು. ಮೇಲೆ ಹೋಗಿ ಮಣೆಯಿಂದ ಸ್ಪ್ಯಾನರ್ ತಂದು ಬಿಗಿಮಾಡಿದರು. ಆಗ ಅತ್ತೆಯ ಕ್ರಮ ಎಲ್ಲಿಗೆ ಹೋಯಿತೋ, ಯಾರೂ ಕೇಳಲಿಲ್ಲ. ಅವರ ದಪ್ಪ ಬೆರಳಿಗೆ ಪಿನ್ನು ತೂತಿಗೆ ಹೋಗಲಿಲ್ಲ. ನಾನು ಹಾಕಿದೆ, ಸೂಜಿಗೆ ದಾರ ಹಾಕಿದ ಹಾಗೆ. ಎರಡು ತುದಿಗಳನ್ನೂ ಇಕ್ಕಳದಿಂದ ಮಡಚಿದೆ. ಸೆರಗಿಗೆ ಗ್ರೀಸ್ ಹತ್ತಿತು.

ಎದ್ದು ನಿಂತು ಕೈ ಒರೆಸಿಕೊಳ್ಳುವಷ್ಟರಲ್ಲಿ ಅವರು ಮತ್ತೆ ಅದೇ ಸೀಟಿನಲ್ಲಿದ್ದರು, ಪಕ್ಕದಲ್ಲಿ ಮೈದುನ. ಮೆಟ್ರೋ ಕಂಬಗಳ ಕಡೆಗೆ ಕಾರು ಹೋಗುವುದನ್ನು ನೋಡುತ್ತ ಗೇಟಿನ ಬಳಿ ನಿಂತೆ. ವಾಪಸು ಬರುವಾಗ ಓಡಿಸುತ್ತಿದ್ದವನು ಮೈದುನ.

ನಾನು ಕಾರಿನ ಬಾಗಿಲಿನ ಬಳಿ ಹೋದೆ. ಗಂಡ ಇಳಿದು ನನ್ನ ಬೂಟು ನೋಡಿದರು. ಅವರಿಗೆ ಅರ್ಥವಾಯಿತು.

“ಈಗ ಬಿಗಿ ಆಗಿದೆ ಅಲ್ವಾ,” ಎಂದರು. “ನಿನ್ನ ಕೈಗೆ ಭಾರ ಆಗ್ತದೆ.”

ಮೈದುನ ಕೊಟ್ಟ ಕೀಲಿ ಅವರ ಜೇಬಿಗೆ ಹೋಯಿತು. ನಾನು ಆರತಿ ತಟ್ಟೆ ಎತ್ತಿಕೊಂಡು ಲಿಫ್ಟಿನ ಕಡೆ ನಡೆದೆ.

ಮನೆಗೆ ಬಂದವರಿಗೆಲ್ಲ ಅವರು ಸ್ಟಿಯರಿಂಗ್ ಸರಿಮಾಡಿದ ಕಥೆ ಹೇಳುತ್ತಾರೆ. ಹಳೆಯ ಗಾಡಿಯಲ್ಲಿ ಸಣ್ಣದೊಂದು ಪಿನ್ನೂ ಎಷ್ಟು ಮುಖ್ಯ ಎಂದು ಬೆರಳೆತ್ತಿ ವಿವರಿಸುತ್ತಾರೆ. ನಾನು ಆಗ ಚಹಾ ಕೊಡುತ್ತಿರುತ್ತೇನೆ. ಶನಿವಾರಗಳಲ್ಲಿ ಆ ಕಾರನ್ನು ಒಳಗಿನಿಂದ ಒರೆಸುವ ಕೆಲಸವೂ ನನ್ನದೇ. ಒರೆಸುವಾಗ ಮರದ ಚಕ್ರವನ್ನು ತಿರುಗಿಸಿ ನೋಡುತ್ತೇನೆ. ನಿಂತ ಕಾರಿನಲ್ಲೂ ತಿರುಗುತ್ತದೆ. ಭಾರವೇನಿಲ್ಲ.

ಬೂಟನ್ನು ಕೆಲಸದವಳಿಗೆ ಕೊಟ್ಟೆ. ಅವಳು ತಿರುವಿ ಅಡಿಭಾಗ ನೋಡಿ, ಇದು ಹೊಸದೇ ಇದೆಯಲ್ಲ ಭಾಭಿ, ನೀವು ಹಾಕಲೇ ಇಲ್ಲವಾ ಎಂದು ಹಿಂದಿಯಲ್ಲಿ ಕೇಳಿದಳು.

ಒಂದು ಸಲ ಹಾಕಿದ್ದೆ ಎಂದೆ.