ನಾಯಿಯ ಜವಳ

ಆ ವರ್ಷಗಳಲ್ಲಿ ಹೈದರಾಬಾದಿನ ಸಾಫ್ಟ್‌ವೇರ್ ಜನಕ್ಕೆ ಏನಾದರೊಂದು ಹುಚ್ಚು ಹಿಡಿಯುವುದು ಕಡ್ಡಾಯವಾಗಿತ್ತು. ಸಂಬಳ ಏರಿದ ಹಾಗೆ ಹವ್ಯಾಸವೂ ಏರಬೇಕಲ್ಲ. ನಮ್ಮ ಟೀಮಿನ ಒಬ್ಬ ಗಿಟಾರ್ ಕೊಂಡು ಗೋಡೆಗೆ ನೇತುಹಾಕಿದ. ಒಬ್ಬಳು ಮ್ಯಾರಥಾನ್ ಓಡಿ ಮಂಡಿ ಕೆಡಿಸಿಕೊಂಡಳು. ಮೈಸೂರಿನ ಹುಡುಗನೊಬ್ಬ ವೈನಿನ ರುಚಿ ನೋಡುವುದನ್ನು ಕಲಿಯುತ್ತೇನೆಂದು ಹೋಗಿ, ಬರೀ ಕುಡಿಯುವುದನ್ನು ಕಲಿತು ಬಂದ. ನಾನು ನಾಯಿ ಸಾಕಿದೆ. ನಿಜ ಹೇಳಬೇಕೆಂದರೆ ಸಾಕಿದ್ದು ಅವ್ವ, ಮೆರೆಸಿದ್ದು ನಾನು.

ಲಾಸಾ ಆಪ್ಸೊ ಅಂತ ಅದರ ಜಾತಿ. ಟಿಬೆಟ್ಟಿನ ಮಠಗಳ ಕಾವಲಿಗಿದ್ದ ನಾಯಿಯಂತೆ. ನೆಲ ಗುಡಿಸುವಷ್ಟು ಉದ್ದ ಕೂದಲು. ಸುಮ್ಮನೆ ನಿಂತಾಗ ಅದರ ಮುಂದು ಯಾವುದು, ಹಿಂದು ಯಾವುದು ಎಂದು ತಿಳಿಯಲು ಬಿಸ್ಕೀಟು ತೋರಿಸಿ ನೋಡಬೇಕು. ಸಿಕಂದರಾಬಾದಿನ ಕಂಟೋನ್ಮೆಂಟಿನಲ್ಲಿ, ಸೇನೆಯಿಂದ ನಿವೃತ್ತರಾದವರೊಬ್ಬರ ಹೆಂಡತಿ ಈ ಜಾತಿಯ ಮರಿಗಳನ್ನು ಮಾಡಿಸಿ ಮಾರುತ್ತಿದ್ದರು. ಎಲ್ಲರೂ ಅವರನ್ನು ಮೇಡಂ ಎನ್ನುತ್ತಿದ್ದರು. ಮರಿ ಕೊಡುವ ಮುಂಚೆ ಮೇಡಂ ನನ್ನ ಸಂದರ್ಶನ ಮಾಡಿದರು. ನನಗೆ ಕೆಲಸ ಕೊಟ್ಟ ಕಂಪನಿಯವರೂ ಅಷ್ಟು ಪ್ರಶ್ನೆ ಕೇಳಿರಲಿಲ್ಲ. ಪಾಸಾದ ಮೇಲೆ ಮರಿಯ ಜೊತೆ ಅದರ ವಂಶಾವಳಿಯ ಕಾಗದವನ್ನೂ ಕೊಟ್ಟರು, ಐದು ತಲೆಮಾರಿನ ಹೆಸರುಗಳು. ಅವ್ವ ಅದನ್ನು ನನ್ನಿಂದ ಓದಿಸಿ ಕೇಳಿ, "ನಮ್ಮ ಮನಿತನದ್ದ ಮೂರರ ಮ್ಯಾಲ ಯಾರಿಗೂ ಗೊತ್ತಿಲ್ಲ ನೋಡು" ಎಂದಳು.

ಅವ್ವ ಗದಗಿನ ಕಡೆಯವಳು. ಅಪ್ಪನಿಗೆ ಇಲ್ಲಿನ ಕೇಂದ್ರ ಸರ್ಕಾರದ ಕಾರ್ಖಾನೆಯಲ್ಲಿ ಕೆಲಸವಾದಾಗ ಬಂದವಳು, ಅಪ್ಪ ತೀರಿಕೊಂಡ ಮೇಲೆ ತಾರ್ನಾಕದ ಫ್ಲಾಟಿನಲ್ಲಿ ನನ್ನೊಂದಿಗೆ ಉಳಿದಳು. ಅವಳ ಲೆಕ್ಕದಲ್ಲಿ ನಾಯಿಯ ಜಾಗ ಹೊಸ್ತಿಲ ಹೊರಗೆ. ಮರಿ ಬಂದ ದಿನ ಮೂಗು ಮುರಿದು, ಅಡುಗೆಮನೆಯ ಬಾಗಿಲಿಗೆ ಅಡ್ಡವಾಗಿ ಇಸ್ತ್ರಿ ಮಾಡುವ ಹಲಗೆ ನಿಲ್ಲಿಸಿದಳು. ಹದಿನೈದು ದಿನ ಆ ಹಲಗೆ ಅಲ್ಲೇ ಇತ್ತು.

ಹದಿಮೂರನೆಯ ದಿನ ಮರಿಗೆ ರಕ್ತಭೇದಿ ಶುರುವಾಯಿತು. ಪಾರ್ವೊ ಎಂದರು ಡಾಕ್ಟರು, ಚಿಕ್ಕ ಮರಿಗಳಲ್ಲಿ ಉಳಿಯುವುದು ಕಷ್ಟ ಎಂದೂ ಸೇರಿಸಿದರು. ನನಗೆ ಅದೇ ವಾರ ಆಫೀಸಿನಲ್ಲಿ ರಿಲೀಸು. ಅಮೆರಿಕದ ಯಾವುದೋ ಇನ್ಶೂರೆನ್ಸ್ ಕಂಪನಿಯ ಬಟನ್ನು ನೀಲಿ ಕಾಣಬೇಕಾದಲ್ಲಿ ಬೂದು ಕಾಣುತ್ತಿತ್ತು. ಇಂಥ ರಾಷ್ಟ್ರೀಯ ವಿಪತ್ತಿನಲ್ಲಿ ರಜೆ ಕೇಳುವುದುಂಟೆ? ಅವ್ವ ಮೂರು ದಿನ ಕ್ಲಿನಿಕ್ಕಿನ ಬೆಂಚಿನ ಮೇಲೆ ಆ ಮುಷ್ಟಿಯಷ್ಟು ಪ್ರಾಣಿಯನ್ನು ತೊಡೆಯ ಮೇಲಿಟ್ಟುಕೊಂಡು ಡ್ರಿಪ್ಪಿನ ಹನಿ ನೋಡುತ್ತ ಕೂತಳು. ನಾಲ್ಕನೆಯ ದಿನ ಅದು ಮೊಸರನ್ನದ ಬಟ್ಟಲು ನೆಕ್ಕಿತು. ಅವತ್ತಿನಿಂದ ಹಲಗೆ ಹೋಯಿತು, ನಾಯಿಗೆ ಕೂಸು ಎಂಬ ಹೆಸರೂ ಬಂತು.

"ಹರಕಿ ಹೊತ್ತೀನಿ" ಎಂದಳು ಅವ್ವ ಅದೇ ಸಂಜೆ. "ಪ್ರಾಣಿಗಳ ಒಡಿಯ ಅಂದ್ರ ಪಶುಪತಿ. ಕೂಸನ್ನ ಉಳಸಿದ್ರ ಅದರ ಜವಳ ನಿನಗ ಅಂದೀನಿ. ಮೂರ ವರ್ಷ ತುಂಬೂದ್ರಾಗ."

ಮಕ್ಕಳಿಗೆ ಮೊದಲ ಕೂದಲು ತೆಗೆಸುವ ಜವಳವನ್ನು ನಾಯಿಗೂ ಮಾಡಿಸುವುದು ನಮ್ಮ ವಂಶದಲ್ಲಿ ಇದೇ ಮೊದಲು. ಕಚೇರಿಯಿಂದ ಹೈರಾಣಾಗಿ ಬಂದಿದ್ದ ನಾನು ನಕ್ಕು, ಆಯಿತು ಎಂದೆ. ನಾನು ದಿನಕ್ಕೆ ಹತ್ತು ಸಲ ಆಯಿತು ಎನ್ನುತ್ತಿದ್ದ ಕಾಲ ಅದು.

ಆಮೇಲೆ ಶೋಗಳು ಶುರುವಾದವು. ಡಾಗ್ ಶೋ ಎಂದರೆ ನಾಯಿ ಬೆಂಕಿಯ ಬಳೆಯೊಳಗೆ ಹಾರುತ್ತದೆ ಎಂದುಕೊಂಡಿದ್ದೆ. ಹಾಗೇನಿಲ್ಲ. ನಾಯಿ ನಾಯಿಯ ಹಾಗೆ ಇದ್ದರೆ ಸಾಕು, ಆದರೆ ಪುಸ್ತಕದಲ್ಲಿ ಬರೆದಿರುವ ನಾಯಿಯ ಹಾಗೆ ಇರಬೇಕು. ತೀರ್ಪುಗಾರರು ಅದನ್ನು ಮೇಜಿನ ಮೇಲೆ ನಿಲ್ಲಿಸಿ ಹಲ್ಲು ನೋಡುತ್ತಾರೆ, ಬೆನ್ನು ಸವರುತ್ತಾರೆ, ಗಂಡಾದರೆ ಗಂಡೇ ಹೌದೋ ಎಂದು ಕೈಯಾರೆ ಖಾತ್ರಿ ಮಾಡಿಕೊಳ್ಳುತ್ತಾರೆ. ಅದನ್ನು ಮೊದಲ ಸಲ ಕಂಡ ಅವ್ವ ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದಳು. ಆಮೇಲೆ ನಾಯಿಯೊಂದಿಗೆ ನಾವೂ ಒಂದು ಸುತ್ತು ಓಡಬೇಕು. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಒಬ್ಬರತ್ತ ಬೆರಳು ತೋರಿಸಿದರೆ ಮುಗಿಯಿತು. ಉಳಿದವರು ಚಪ್ಪಾಳೆ ತಟ್ಟಿ, ಹೊಟ್ಟೆಯ ಉರಿಯನ್ನು ಹೊಟ್ಟೆಯಲ್ಲೇ ಇಟ್ಟುಕೊಂಡು ಮನೆಗೆ ಹೋಗುವುದು.

ಆ ಬೆರಳು ನನ್ನ ಕಡೆ ತಿರುಗಿದ ಮೊದಲ ದಿನ ನನಗೆ ತಲೆ ತಿರುಗಿತು. ಆಫೀಸಿನಲ್ಲಿ ನಾಲ್ಕು ವರ್ಷಗಳಿಂದ ನನ್ನ ಗ್ರೇಡು 'ನಿರೀಕ್ಷೆಗೆ ತಕ್ಕಂತೆ'. ಅಲ್ಲಿ ಯಾರೂ ನನ್ನತ್ತ ಬೆರಳು ತೋರಿಸಿ ಇವಳು ಎಲ್ಲರಿಗಿಂತ ಮೇಲು ಎಂದಿರಲಿಲ್ಲ. ನಾಯಿಯ ಕೂದಲಿನಿಂದಲಾದರೂ ಆ ಮಾತು ಬಂತಲ್ಲ ಎಂಬ ಖುಷಿ ತಲೆಗೆ ಹತ್ತಿತು. ಈಗ ಬರೆಯಲು ನಾಚಿಕೆಯಾಗುತ್ತದೆ, ಆಗ ಆಗಲಿಲ್ಲ.

ಆ ಕೂದಲಿನ ಸೇವೆ ಯಾವ ದೇವರಿಗೂ ಕಡಿಮೆಯಿರಲಿಲ್ಲ. ವಾರಕ್ಕೊಮ್ಮೆ ಸ್ನಾನ, ಹೇರ್ ಡ್ರೈಯರ್, ಬಾಚಣಿಗೆ. ಸಿಕ್ಕಾಗದಂತೆ ಎಳೆ ಎಳೆಯಾಗಿ ಬಿಡಿಸಿ ತೆಳು ಕಾಗದದಲ್ಲಿ ಸುತ್ತಿ ರಬ್ಬರ್ ಬ್ಯಾಂಡು ಹಾಕುವುದು. ಆ ವೇಷದಲ್ಲಿ ಕೆಳಗಿಳಿಸಿದರೆ ನಮ್ಮ ವಾಚ್‌ಮನ್, "ಏಮಮ್ಮಾ, ಕುಕ್ಕಕು ಜಡಲು ವೇಶಾರಾ?" ಎಂದು ಕೇಳುತ್ತಿದ್ದ. ನಾಯಿಗೆ ಜಡೆ ಹಾಕಿದ್ದೀರಾ ಎಂದು ಕೇಳಿದವನಿಗೆ ಇಲ್ಲ ಎನ್ನುವ ಮುಖ ನನಗಿರಲಿಲ್ಲ. ಹಾಕಿದವಳು ಹೇಗೂ ಅವ್ವ. ನನಗೆ ಶನಿವಾರವೂ ಆಫೀಸು.

ಪ್ರತಿ ಶೋ ಮುಗಿದಾಗಲೂ ಅವಳು ಒಂದೇ ಪ್ರಶ್ನೆ ಕೇಳುತ್ತಿದ್ದಳು. "ಈಗರೆ ಜವಳ ಮಾಡಸೂಣು?" ಮುಂದಿನ ಶೋ ಆಗಲಿ ಎನ್ನುತ್ತಿದ್ದೆ. ಬೆಂಗಳೂರು ಆಯಿತು, ಚೆನ್ನೈ ಆಯಿತು, ಉಪ್ಪಲ್ಲಿನ ಧೂಳಿನ ಮೈದಾನದಲ್ಲಿ ನಮ್ಮೂರಿನದೇ ಶೋ ಆಯಿತು. ನಾಯಿ ಭಾರತದ ಚಾಂಪಿಯನ್ ಆಯಿತು. ಮೇಡಂ ನನ್ನ ಭುಜ ತಟ್ಟಿ ಹಿಂದಿಯಲ್ಲಿ, "ಬೇಟಾ, ಇನ್ನು ಕಠ್ಮಂಡು" ಎಂದರು. ದೇಶದ ಹೊರಗೆ ಗೆದ್ದರೆ ಮಾತ್ರ ಅಂತರರಾಷ್ಟ್ರೀಯ ಪದವಿಯ ದಾರಿ ತೆರೆಯುತ್ತದಂತೆ. ಹಿಮಾಲಯದ ನಾಯಿಯನ್ನು ಹೈದರಾಬಾದಿನ ಸೆಕೆಯಲ್ಲಿ ಬೆಳೆಸಿ, ಹೇಗಿದೆ ನೋಡಿ ಎಂದು ಹಿಮಾಲಯಕ್ಕೇ ಒಯ್ಯುವ ಯೋಜನೆಯಲ್ಲಿ ನಮಗಿಬ್ಬರಿಗೂ ಯಾವ ದೋಷವೂ ಕಾಣಲಿಲ್ಲ.

ಅವ್ವ ಬರಲು ಒಪ್ಪಲಾರಳು ಎಂದುಕೊಂಡಿದ್ದೆ. ಕಠ್ಮಂಡು ಎಂದ ಕೂಡಲೇ ಅವಳ ಮುಖ ಅರಳಿತು. "ಪಶುಪತಿ ಅಲ್ಲೇ ಅದಾನಲ್ಲ. ಮೂರ ವರ್ಷ ತುಂಬಾಕ ಇನ್ನ ಒಂದ ತಿಂಗಳೈತಿ. ಅಂವನ ಕರಸಾಕತ್ತಾನ ನೋಡವಾ" ಎಂದಳು. ಈ ಶೋ ಆದ ಮೇಲೆ ಖಂಡಿತ ಎಂದೆ. ನಿಯಮದ ಪುಸ್ತಕ ನಾನು ಓದಿದ್ದೆ. ಆ ದೊಡ್ಡ ಪದವಿಗೆ ಬೇರೆ ಬೇರೆ ದೇಶಗಳ ಸರ್ಟಿಫಿಕೇಟು ಬೇಕು, ಮೊದಲನೆಯದಕ್ಕೂ ಕೊನೆಯದಕ್ಕೂ ನಡುವೆ ಒಂದು ವರ್ಷ ಒಂದು ದಿನ ಕಳೆದಿರಬೇಕು. ಅಂದರೆ ಕಠ್ಮಂಡುವಿನಲ್ಲಿ ಗೆದ್ದರೆ ಇನ್ನೂ ಒಂದು ವರ್ಷ ಕೂದಲಿಗೆ ಕತ್ತರಿ ತಾಕಿಸುವಂತಿಲ್ಲ. ಇದು ನನಗೆ ಗೊತ್ತಿತ್ತು, ಅವ್ವನಿಗೆ ಹೇಳಿರಲಿಲ್ಲ.

ಸಿಕಂದರಾಬಾದಿನಿಂದ ರೈಲಿನ ಫಸ್ಟ್ ಕ್ಲಾಸ್ ಕೂಪೆಯಲ್ಲಿ ಹೊರಟೆವು. ಆ ಇಬ್ಬರ ಕೋಣೆಯಲ್ಲಿ ಮಾತ್ರ ನಾಯಿಗೆ ಪ್ರವೇಶ. ಅವ್ವ ಜೀವಮಾನದಲ್ಲೇ ಮೊದಲ ಸಲ ಫಸ್ಟ್ ಕ್ಲಾಸ್ ಕಂಡದ್ದು ನಾಯಿಯ ಕೃಪೆಯಿಂದ. ಮಗಳು ಮೂರನೆಯ ಸಂಬಳ ಹೆಚ್ಚಳದ ಹೊತ್ತಿಗೂ ಅದನ್ನು ತೋರಿಸಿರಲಿಲ್ಲ. ಬಿಹಾರದ ಗಡಿಯಲ್ಲಿ ಇಳಿದು ಜೀಪು ಹಿಡಿದು ಬೆಟ್ಟ ಹತ್ತಿದೆವು. ದಾರಿಯುದ್ದಕ್ಕೂ ನಾಯಿ ಅವ್ವನ ತೊಡೆಯ ಮೇಲೆ, ಅವ್ವನ ಕೈ ಅದರ ಕಾಗದದ ಜಡೆಗಳ ಮೇಲೆ.

ಶೋ ಎರಡು ದಿನದ್ದು. ಮೊದಲ ದಿನವೇ ನಮ್ಮ ನಾಯಿ ತನ್ನ ಜಾತಿಯಲ್ಲಿ ಮೊದಲು ಬಂದು ಸರ್ಟಿಫಿಕೇಟು ಪಡೆಯಿತು. ಯೂರೋಪಿನಿಂದ ಬಂದಿದ್ದ ತೀರ್ಪುಗಾರರು ಆ ಕೂದಲನ್ನು ಎರಡು ಕೈಯಲ್ಲೂ ಎತ್ತಿ ಹಿಡಿದು, ಇಂಥದ್ದನ್ನು ಈ ಭಾಗದಲ್ಲಿ ನೋಡಿಲ್ಲ ಎಂದರು. ಶೋಗೆಂದು ತಾವೂ ಬಂದಿದ್ದ ಮೇಡಂ ನನ್ನ ಕಿವಿಯಲ್ಲಿ, "ಇನ್ನೊಂದು ವರ್ಷ ಇದರ ಒಂದು ಎಳೆ ಮುಟ್ಟಬೇಡ" ಎಂದರು. ಅವರು ಹಿಂದಿಯಲ್ಲಿ ಹೇಳಿದ್ದು, ಪಕ್ಕದಲ್ಲೇ ಇದ್ದ ಅವ್ವನಿಗೂ ಕೇಳಿಸಿತು, ಅರ್ಥವೂ ಆಯಿತು.

ಸಂಜೆ ಗೆಸ್ಟ್ ಹೌಸಿನಲ್ಲಿ ಅವ್ವ ಊಟದ ತಟ್ಟೆಯ ಮುಂದೆ ಕೂತು ಕೇಳಿದಳು. "ಹಂಗಾರ ನಾಳೆ ಜವಳ ಇಲ್ಲ?"

"ಮುಂದಿನ ವರ್ಷ ಅವ್ವ. ದೇವರ ಹತ್ತಿರ ಒಂದು ವರ್ಷ ಎಕ್ಸ್‌ಟೆನ್ಷನ್ ಕೇಳು, ನಮ್ಮ ಕ್ಲೈಂಟೂ ಕೊಡ್ತಾರೆ" ಎಂದೆ. ಜಾಣತನದ ಮಾತೆಂದು ನನಗೇ ನಗು ಬಂತು.

ಅವ್ವ ನಗಲಿಲ್ಲ. "ನಿಮ್ಮಪ್ಪ ದವಾಖಾನ್ಯಾಗ ಇದ್ದಾಗೂ ಹರಕಿ ಹೊತ್ತಿದ್ದೆ. ಯಾವ ದೇವರನ್ನ ಬಿಟ್ಟಿದ್ದೆ? ಒಬ್ಬರೂ ಕೊಡಲಿಲ್ಲ. ಇದೊಂದ ಸಲ ಕೇಳಿದ್ದಕ್ಕ ಅಂವ ಕೊಟ್ಟಾನ. ಕೊಟ್ಟಾಂವಗ ನಾ ಸುಳ್ಳ ಹೇಳೂದಿಲ್ಲವಾ" ಎಂದಳು. ಆಮೇಲೆ ಅನ್ನ ಕಲಸಿ ಉಂಡಳು, ನಾಯಿಗೂ ಉಣಿಸಿದಳು. ನಾನು ಮರುದಿನಕ್ಕೆಂದು ನಾಯಿಯನ್ನು ಬಾಚತೊಡಗಿದೆ. ಅಪ್ಪನ ಮಾತು ಬಂದರೆ ನಾನು ಹೀಗೇ ಏನಾದರೂ ಕೆಲಸ ಹಿಡಿಯುತ್ತಿದ್ದೆ.

ಮರುದಿನ ಬೆಳಿಗ್ಗೆ ಅವ್ವ ಗುಡಿಗೆ ಹೋಗಿ ಬರುತ್ತೇನೆ, ನೀ ನಿನ್ನ ಕೆಲಸ ನೋಡು ಎಂದು ಟ್ಯಾಕ್ಸಿ ಹತ್ತಿದಳು. ಕೂಸನ್ನು ಕೊಡು ಎಂದು ಕೇಳಲಿಲ್ಲ. ಕೇಳಬಹುದೆಂಬ ಹೆದರಿಕೆಯಲ್ಲಿ ನಾನು ನಾಯಿಯ ಪಟ್ಟಿಯನ್ನು ಕೈಗೆ ಸುತ್ತಿಕೊಂಡೇ ನಿಂತಿದ್ದೆ.

ಹನ್ನೊಂದರ ಹೊತ್ತಿಗೆ ನಮ್ಮ ಸರದಿ. ನಾಯಿಯನ್ನು ನಿಲ್ಲಿಸಿ, ಬಾಲ ಎತ್ತಿ ಹಿಡಿದು, ಮುಖದಲ್ಲಿ ನಗು ಅಂಟಿಸಿಕೊಂಡಿದ್ದೆ. ಹಗ್ಗದ ಆಚೆಯ ಕುರ್ಚಿಗಳಲ್ಲಿ ಅವ್ವ ಬಂದು ಕೂತಿದ್ದು ಕಂಡಿತು. ತಲೆಯ ತುಂಬ ಸೆರಗು ಹೊದ್ದಿದ್ದಳು. ಚಳಿಯಿರಬೇಕು ಎಂದುಕೊಂಡೆ. ಚಪ್ಪಲಿ ಸರಿಮಾಡಿಕೊಳ್ಳಲು ಅವಳು ಬಗ್ಗಿದಾಗ ಸೆರಗು ಜಾರಿತು. ಒಳಗೆ ಕೂದಲಿರಲಿಲ್ಲ. ಅರವತ್ತೆರಡರಲ್ಲೂ ಸೊಂಟದ ತನಕ ಇದ್ದ ಜಡೆ, ನನಗೆ ಬರಲಿಲ್ಲವಲ್ಲ ಎಂದು ನಾನು ಚಿಕ್ಕಂದಿನಿಂದ ಹೊಟ್ಟೆಕಿಚ್ಚು ಪಟ್ಟ ಜಡೆ, ಇರಲಿಲ್ಲ. ಬೋಳು ತಲೆಯ ಮೇಲೆ ಎರಡು ಕಡೆ ಕತ್ತಿ ತಾಗಿದ ಗೀರು ಕೆಂಪಗಿತ್ತು. ಅವಳು ಆತುರವಿಲ್ಲದೆ ಸೆರಗು ಎಳೆದುಕೊಂಡು, ನಾಯಿಯ ಕಡೆ ನೋಡು ಎಂದು ನನಗೆ ಕಣ್ಣಲ್ಲೇ ಹೇಳಿದಳು.

ತೀರ್ಪುಗಾರರ ಬೆರಳು ನನ್ನ ಕಡೆ ತಿರುಗಿತ್ತಂತೆ. ನಾನು ನೋಡಲೇ ಇಲ್ಲ, ಪಕ್ಕದವರು ಭುಜ ಮುಟ್ಟಿ ಹೇಳಬೇಕಾಯಿತು. ಕಪ್ಪು ಕೊಟ್ಟರು, ಫೋಟೋ ತೆಗೆದರು. ಆ ಫೋಟೋದಲ್ಲಿ ನಾನು ಬಾಯಿ ತೆರೆದುಕೊಂಡು ಬೇರೆಲ್ಲೋ ನೋಡುತ್ತಿದ್ದೇನೆ.

ಹಿಂದಿರುಗುವ ಟ್ಯಾಕ್ಸಿಯಲ್ಲಿ ಅವಳೇ ಹೇಳಿದಳು. ಗುಡಿಯಲ್ಲಿ ನಮ್ಮ ಕರಾವಳಿ ಕಡೆಯ ಅರ್ಚಕರೊಬ್ಬರು ಸಿಕ್ಕರಂತೆ, ಕನ್ನಡದಲ್ಲೇ ಮಾತಾಡಿದರಂತೆ. "ನಾಯಿದ ಹರಕಿರಿ, ನಾಯಿ ತರಾಕ ಆಗಲಿಲ್ಲ, ಏನ ಮಾಡ್ಲಿ ಅಂತ ಕೇಳಿದೆ. ಬಾಯಿ ಬಿಟ್ಟು ಹೇಳಿದವರು ಯಾರಮ್ಮ ಅಂದರು. ನಾನ ಅಂದೆ. ಹಾಗಾದರೆ ನೀವು ಸಲ್ಲಿಸಿದರೂ ಆಯ್ತು ಅಂದರು." ಹೊಳೆಯ ದಂಡೆಯ ಕ್ಷೌರಿಕ ಮಾತ್ರ ಹೆಂಗಸಿನ ತಲೆಗೆ ಕತ್ತಿ ಹಿಡಿಯಲು ಮೊದಲು ಒಪ್ಪಲಿಲ್ಲವಂತೆ. ಅಲ್ಲಿ ತಲೆ ಬೋಳಿಸಿಕೊಳ್ಳುವವರು ಮನೆಯಲ್ಲಿ ಸಾವಾದ ಗಂಡಸರು. "ಯಾರ ಸತ್ತಾರ ಅಂತ ಕೇಳಿದ. ಯಾರೂ ಸತ್ತಿಲ್ಲಪಾ, ಒಬ್ಬಾಂವ ಬದಕ್ಯಾನ, ಅದಕ್ಕ ಅಂದೆ."

ಕೋಣೆಗೆ ಬಂದವಳೇ ನಾನು ಶೋದ ಪೆಟ್ಟಿಗೆಯಿಂದ ಕತ್ತರಿ ತೆಗೆದೆ. ನಾಯಿಯನ್ನು ಹಾಸಿಗೆಯ ಮೇಲೆ ಎಳೆದು, ಬೆನ್ನಿನ ಮೇಲಿನ ಒಂದು ಹಿಡಿ ಕೂದಲು ಕೈಗೆ ಸುತ್ತಿದೆ. ಅಳು ಬರುತ್ತಿತ್ತು. ಪ್ರಾಯಶ್ಚಿತ್ತವೂ ಎಲ್ಲರಿಗೆ ಕಾಣುವ ಹಾಗೆ ಆಗಬೇಕು ನನಗೆ. ಅವ್ವ ಓಡಿಬಂದು ನನ್ನ ಮಣಿಕಟ್ಟು ಹಿಡಿದಳು. ಆ ಎರಡು ದಿನಗಳಲ್ಲಿ ಅವಳಿಗೆ ಸಿಟ್ಟು ಬಂದದ್ದು ಆಗ ಮಾತ್ರ.

"ಇಡು ಕತ್ತರಿ. ಇದರದ್ದೂ ತಗದ್ರ ನಾ ಕೊಟ್ಟಿದ್ದು ಎದಕ್ಕ ಮತ್ತ? ನನ್ನ ಕೂದಲಾ ದಂಡ ಮಾಡಬ್ಯಾಡ."

ನಾನು ಕತ್ತರಿ ಕೆಳಗಿಟ್ಟೆ. ಅವಳು ನನ್ನನ್ನು ಪಕ್ಕಕ್ಕೆ ಸರಿಸಿ ಕೂತಳು. ನಾನು ಎಳೆದು ಸಿಕ್ಕು ಮಾಡಿದ ಕೂದಲನ್ನು ಬಿಡಿಸಿ, ಬಾಚಿ, ಮತ್ತೆ ಕಾಗದ ಸುತ್ತತೊಡಗಿದಳು. ರಬ್ಬರ್ ಬ್ಯಾಂಡುಗಳನ್ನು ಒಂದೊಂದಾಗಿ ನಾನು ಕೊಡುತ್ತ ಹೋದೆ.